ಎಕ್ಸ್‌ಚೇಂಜ್ ಎಡಿಷನ್ ಆರಿಸುವ ಮೊದಲು ನಾನು ಹಾಕಿದ ಲೆಕ್ಕ

ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ತಂತ್ರಾಂಶ ಎಕ್ಸ್‌ಚೇಂಜ್‌ನ 2016ರ ಆವೃತ್ತಿಗೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತಿತ್ತು. ಹಾಗಾಗಿ ನಮ್ಮ ಕಾರ್ಖಾನೆಯ ಮೇಲ್ ಸರ್ವರನ್ನು ಅದರ ಹೊಸ ಆವೃತ್ತಿ ಎಕ್ಸ್‌ಚೇಂಜ್ ಎಸ್‌ಇಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಅದರ ಎರಡು ಎಡಿಷನ್‌ಗಳಲ್ಲಿ ಸ್ಟ್ಯಾಂಡರ್ಡ್ ತಗೊಳ್ಳೋದಾ, ಎಂಟರ್‌ಪ್ರೈಸಾ? "ಜಾಗ ಜಾಸ್ತಿ ಬೇಕು ಅಂದ್ರೆ ದೊಡ್ಡದೇ ಅಲ್ವಾ ಸರ್?" ಅಂತ ಪರ್ಚೇಸ್‌ನವರು ಕೇಳಿದರು. ಎಷ್ಟೋ ಜನ ಹಾಗೇ ಅಂದುಕೊಂಡಿದ್ದಾರೆ.

ಹಿಂದೆ ಅದು ನಿಜವೂ ಆಗಿತ್ತು. ಎಕ್ಸ್‌ಚೇಂಜ್ 2003ರ ಸ್ಟ್ಯಾಂಡರ್ಡ್‌ನಲ್ಲಿ ಮೇಲ್‌ಬಾಕ್ಸ್‌ಗಳನ್ನು ಇಡುವ ಡೇಟಾಬೇಸ್ 16 ಜಿಬಿ ಮುಟ್ಟಿದರೆ ಮುಗೀತು, ಸರ್ವಿಸ್ ಪ್ಯಾಕ್ 2 ಬಂದ ಮೇಲೆ ಅದನ್ನು 75 ಜಿಬಿವರೆಗೆ ಏರಿಸಬಹುದಾಯಿತು. ಈಗಿನ ವ್ಯತ್ಯಾಸ ಡೇಟಾಬೇಸ್‌ಗಳ ಸಂಖ್ಯೆಯಲ್ಲಿದೆ. ಒಂದು ಸರ್ವರ್‌ನಲ್ಲಿ ಸ್ಟ್ಯಾಂಡರ್ಡ್‌ಗೆ 5, ಎಂಟರ್‌ಪ್ರೈಸ್‌ಗೆ 100.

ಮೊದಲು ಪವರ್‌ಶೆಲ್‌ನಲ್ಲಿ ಗೆಟ್-ಮೇಲ್‌ಬಾಕ್ಸ್‌ಸ್ಟಾಟಿಸ್ಟಿಕ್ಸ್ ಕಮಾಂಡ್ ಓಡಿಸಿ ಪ್ರತಿ ಮೇಲ್‌ಬಾಕ್ಸ್‌ನ ಗಾತ್ರ ಎಕ್ಸೆಲ್‌ಗೆ ಇಳಿಸಿಕೊಂಡೆ. ಡಿಲೀಟ್ ಮಾಡಿದ ಮೇಲೂ ಉಳಿದಿರುವ ಐಟಂಗಳ ಗಾತ್ರ ಬೇರೆ ಕಾಲಂನಲ್ಲಿ ಬರುತ್ತದೆ, ಅದನ್ನೂ ಕೂಡಿಸಲೇಬೇಕು. ಆಫೀಸಿನ 200 ಜನ ಸರಾಸರಿ 2.5 ಜಿಬಿ. ಡಿಸೈನ್ ವಿಭಾಗದ 40 ಜನ ಮಾತ್ರ ತಲಾ 12 ಜಿಬಿ! ಒಬ್ಬರ ಮೇಲ್‌ಬಾಕ್ಸ್ ತೆರೆದು ನೋಡಿದೆವು. ಒಂದೇ ಡ್ರಾಯಿಂಗ್‌, ಸಣ್ಣಪುಟ್ಟ ತಿದ್ದುಪಡಿಯೊಂದಿಗೆ ಮತ್ತೆ ಮತ್ತೆ ಬಂದಿತ್ತು, ಪ್ರತಿ ಸಲವೂ ಆರು ಜನಕ್ಕೆ ಸಿಸಿ. ಮೊದಲು ಒಂದೇ ಡೇಟಾಬೇಸ್‌ನಲ್ಲಿ ಅಂಥ ಮೇಲ್‌ಗೆ ಒಂದೇ ಪ್ರತಿ ಇರುತ್ತಿತ್ತು, 2010ರ ಆವೃತ್ತಿಯಿಂದ ಆ ಸೌಲಭ್ಯ ಹೋಯಿತು. ಈಗ ಆರು ಜನಕ್ಕೆ ಆರು ಪ್ರತಿ.

ಒಟ್ಟು 980 ಜಿಬಿ. ಡಿಲೀಟ್ ಆದದ್ದು, ಮುಂದಿನ ಬೆಳವಣಿಗೆ ಸೇರಿಸಿ 1200 ಜಿಬಿ ಇಟ್ಟುಕೊಂಡೆ. ಒಂದೇ ಸರ್ವರ್ ಇದ್ದರೆ ಪ್ರತಿ ಡೇಟಾಬೇಸ್ 200 ಜಿಬಿ ದಾಟದಿರಲಿ ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ಕಾರಣ ಸರಳ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಬ್ಯಾಕಪ್‌ನಿಂದ 200 ಜಿಬಿ ವಾಪಸ್ ತರಲು ಅರ್ಧ ಗಂಟೆಗೆ ಸ್ವಲ್ಪ ಮೇಲೆ ಸಾಕು, ಅದೇ 1 ಟಿಬಿ ಆದರೆ ಹತ್ತಿರ ಮೂರು ಗಂಟೆ, ಆಮೇಲೆ ಲಾಗ್ ರಿಪ್ಲೇ (ಬ್ಯಾಕಪ್ ಆದ ಮೇಲಿನ ಬದಲಾವಣೆಗಳನ್ನು ಮತ್ತೆ ಸೇರಿಸುವುದು) ಬೇರೆ, ಅಷ್ಟು ಹೊತ್ತೂ ಆ ಡೇಟಾಬೇಸ್‌ನ ಎಲ್ಲರೂ ಮೇಲ್ ಇಲ್ಲದೆ ಕೂರಬೇಕು. ಆ ಲೆಕ್ಕಕ್ಕೆ ನಮಗೆ ಆರು ಡೇಟಾಬೇಸ್ ಬೇಕು, ಸ್ಟ್ಯಾಂಡರ್ಡ್ ಕೊಡೋದು ಐದು.

ಇಲ್ಲೇ ಹೆಚ್ಚಿನವರು ಎಂಟರ್‌ಪ್ರೈಸ್ ಕೊಂಡುಬಿಡುತ್ತಾರೆ. ನಾನು ಎರಡು ಸ್ಟ್ಯಾಂಡರ್ಡ್ ಸರ್ವರ್ ಕೇಳಿದೆ. ಎರಡರ ಲೈಸೆನ್ಸ್ ಸೇರಿದರೂ ಒಂದು ಎಂಟರ್‌ಪ್ರೈಸ್‌ಗಿಂತ ಎಷ್ಟೋ ಕಡಿಮೆ. ಒಂದೇ ಡೇಟಾಬೇಸ್‌ನ ಪ್ರತಿಯನ್ನು ಎರಡೂ ಸರ್ವರ್‌ನಲ್ಲಿ ಇಡುವ ಡಿಎಜಿ ವ್ಯವಸ್ಥೆ ಸ್ಟ್ಯಾಂಡರ್ಡ್‌ನಲ್ಲೂ ಸಿಗುತ್ತದೆ, ಒಂದು ಸರ್ವರ್ ಬಿದ್ದಾಗ ಯಾವುದು ನಡೆಯಬೇಕು ಅಂತ ತೀರ್ಮಾನಿಸಲು ಬೇಕಾದ ಮೂರನೆಯ 'ಸಾಕ್ಷಿ' ಯಂತ್ರಕ್ಕೆ ಹಳೆಯ ಫೈಲ್ ಸರ್ವರೇ ಸಾಕಾಯಿತು. ಎರಡು ಪ್ರತಿ ಇದ್ದರೆ ಒಂದು ಡೇಟಾಬೇಸ್ 2 ಟಿಬಿವರೆಗೂ ಬೆಳೆಯಬಹುದು. ಹಾಗಾಗಿ 300 ಜಿಬಿಯ ನಾಲ್ಕು ಡೇಟಾಬೇಸ್ ಮಾಡಿ, ಡಿಸೈನ್‌ನವರನ್ನು ನಾಲ್ಕಕ್ಕೂ ಹಂಚಿದೆ. ಪ್ಯಾಸಿವ್ ಪ್ರತಿಯೂ (ಇನ್ನೊಂದು ಸರ್ವರ್‌ನಲ್ಲಿ ಸಿದ್ಧವಾಗಿ ಕಾದಿರುವ ಪ್ರತಿ) ಆ ಐದರ ಲೆಕ್ಕಕ್ಕೆ ಬರುತ್ತದೆ ಅನ್ನೋದು ನೆನಪಿರಲಿ. ಬ್ಯಾಕಪ್ ಮಾತ್ರ ಬಿಡಲಿಲ್ಲ, ತಪ್ಪಾಗಿ ಅಳಿಸಿದ್ದು ಎರಡೂ ಪ್ರತಿಯಲ್ಲಿ ಅಳಿದುಹೋಗುತ್ತದೆ.

ಆರ್ಕೈವ್ (ಹಳೆಯ ಮೇಲ್ ಇಡುವ ಬೇರೆ ಮೇಲ್‌ಬಾಕ್ಸ್) ಬೇಕು ಅಂತ ದೊಡ್ಡ ಸರ್ವರ್ ಎಡಿಷನ್ ಕೊಳ್ಳುವವರೂ ಇದ್ದಾರೆ. ಆರ್ಕೈವ್‌ಗೆ ಬೇಕಾದದ್ದು ಎಂಟರ್‌ಪ್ರೈಸ್ ಕ್ಯಾಲ್ (ಬಳಕೆದಾರರ ಲೆಕ್ಕದಲ್ಲಿ ಕೊಳ್ಳುವ ಲೈಸೆನ್ಸ್), ಅದು ಸ್ಟ್ಯಾಂಡರ್ಡ್ ಸರ್ವರ್ ಮೇಲೂ ನಡೆಯುತ್ತದೆ. ನಾವು ಡಿಸೈನ್‌ನವರಿಗಷ್ಟೇ ತಗೊಂಡೆವು.

ಮುಂದೆ ಐದು ಸಾಲದಾದರೆ ಎಂಟರ್‌ಪ್ರೈಸ್‌ನ ಹೊಸ ಪ್ರಾಡಕ್ಟ್ ಕೀ ಹಾಕಿ ಇನ್ಫರ್ಮೇಷನ್ ಸ್ಟೋರ್ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಅದೇ ಸರ್ವರ್ ಎಂಟರ್‌ಪ್ರೈಸ್ ಆಗುತ್ತದೆ. ಎಂಟರ್‌ಪ್ರೈಸ್‌ನಿಂದ ಕೆಳಗಿಳಿಯಲು ಮಾತ್ರ ದಾರಿ ಇಲ್ಲ, ಸರ್ವರನ್ನೇ ಹೊಸದಾಗಿ ಕಟ್ಟಬೇಕು.