ಜ್ಯೂರಿಯಲ್ಲಿ ಎಂಟು ದಿನ, ಮನೆಯಲ್ಲಿ ಐದು ವರ್ಷದ ಮಗಳು

ಅಮೆರಿಕದ ಪೌರತ್ವ ಪಡೆದ ಮರುವರ್ಷವೇ ಸ್ಯಾಂಟಾ ಕ್ಲಾರಾ ಕೌಂಟಿಯ ಸುಪೀರಿಯರ್ ಕೋರ್ಟಿನಿಂದ ನನಗೆ ಜ್ಯೂರಿ ಸಮನ್ಸ್ ಬಂತು; ಮೊಕದ್ದಮೆ ಕೇಳಿ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಗುಂಪಿಗೆ ಕೋರ್ಟು ಕಳಿಸುವ ಕರೆ ಅದು. ಕ್ಯಾಲಿಫೋರ್ನಿಯಾದಲ್ಲಿ ಮತದಾರರ ಪಟ್ಟಿಯಿಂದಲೂ ವಾಹನ ಪರವಾನಗಿ ಕೊಡುವ ಡಿಎಂವಿಯ ಪಟ್ಟಿಯಿಂದಲೂ ಹೆಸರುಗಳನ್ನು ಆರಿಸುವುದರಿಂದ, ಒಂದಲ್ಲ ಒಂದು ದಿನ ಈ ಕರೆ ಬರುವುದೆಂದು ನನಗೆ ಗೊತ್ತಿತ್ತು. ಆದರೆ ಅದು ಬಂದ ಸಮಯದಲ್ಲಿ ಮಗಳು ಕಿಂಡರ್‌ಗಾರ್ಟನ್‌ನಲ್ಲಿದ್ದಳು, ಪತಿ ಕೆಲಸದ ಮೇಲೆ ಹೊರಗಿದ್ದರು, ಶಾಲೆಯಿಂದ ಅವಳನ್ನು ಕರೆತರಲು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಇಲ್ಲಿನ ನಿಯಮದ ಪ್ರಕಾರ ಅವಲಂಬಿತರನ್ನು ನೋಡಿಕೊಳ್ಳಲು ಬೇರೆ ಅನುಕೂಲಕರ ಏರ್ಪಾಡು ಸಾಧ್ಯವಿಲ್ಲದಿದ್ದರೆ ವಿನಾಯಿತಿ ಕೇಳಬಹುದು. ಮೊಲೆಯೂಡಿಸುವ ತಾಯಂದಿರು ಒಂದು ವರ್ಷದವರೆಗೆ ಮುಂದೂಡಿಸಿಕೊಳ್ಳಬಹುದು. ನಾನು ವಿನಾಯಿತಿ ಕೇಳದೆ ಮುಂದೂಡಿಸಿಕೊಂಡೆ. ಮೈಸೂರಿನಿಂದ ಅತ್ತೆ ಮಾರ್ಚ್‌ನಲ್ಲಿ ಬರುವವರಿದ್ದರು, ಆದ್ದರಿಂದ ಏಪ್ರಿಲ್‌ನ ಒಂದು ವಾರವನ್ನು ಆರಿಸಿಕೊಂಡೆ. ಮಕ್ಕಳಿರುವವರಿಗೆ ನಾನು ಮೊದಲು ಹೇಳುವ ಮಾತು ಇದೇ: ಕರೆ ಬಂದ ದಿನವೇ ಮನೆಯ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರಿ. ಮುಂದೂಡುವ ಅವಕಾಶವನ್ನು ಸುಮ್ಮನೆ ದಿನ ತಳ್ಳಲು ಬಳಸಿದರೆ ಅದು ಇನ್ನೂ ಕಷ್ಟದ ವಾರಕ್ಕೆ ಹೋಗಿ ಬೀಳುತ್ತದೆ.

ಅತ್ತೆ ಮನೆಯಲ್ಲಿದ್ದರೆ ಸಾಕೆಂದು ನಾನು ಅಂದುಕೊಂಡಿದ್ದೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ, ಶಾಲೆಯಾದರೋ ಎಮರ್ಜೆನ್ಸಿ ಕಾರ್ಡಿನಲ್ಲಿ ಹೆಸರಿಲ್ಲದವರ ಕೈಗೆ ಮಗುವನ್ನು ಒಪ್ಪಿಸುವುದಿಲ್ಲ. ಹೀಗಾಗಿ ಪಕ್ಕದ ಬೀದಿಯ ಗೆಳತಿಯೊಬ್ಬರನ್ನು ಕೇಳಿಕೊಂಡು, ಅವರ ಹೆಸರನ್ನೂ ಅತ್ತೆಯ ಹೆಸರನ್ನೂ ಆ ಕಾರ್ಡಿಗೆ ಸೇರಿಸಿ, ಇಬ್ಬರೂ ಗುರುತಿನ ಚೀಟಿ ಇಟ್ಟುಕೊಂಡಿರುವಂತೆ ನೋಡಿಕೊಂಡೆ. ಕಚೇರಿಗೆ ಸಮನ್ಸ್‌ನ ಪ್ರತಿಯನ್ನು ಆ ವಾರವೇ ಕೊಟ್ಟೆ. ಮುಂಚಿತವಾಗಿ ತಿಳಿಸಿದ ನೌಕರರನ್ನು ಜ್ಯೂರಿ ಕರ್ತವ್ಯದ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಆದರೆ ಆ ದಿನಗಳ ಸಂಬಳ ಕೊಡಲೇಬೇಕೆಂಬ ಕಾನೂನು ಈ ರಾಜ್ಯದಲ್ಲಿಲ್ಲ. ಕೋರ್ಟು ಕೊಡುವುದು ಎರಡನೆಯ ದಿನದಿಂದ ದಿನಕ್ಕೆ 15 ಡಾಲರ್ ಮತ್ತು ಸ್ವಲ್ಪ ಪ್ರಯಾಣ ಭತ್ಯೆ. ಮಗುವನ್ನು ಅರ್ಧ ದಿನ ಬೇರೆಯವರ ಸುಪರ್ದಿಗೆ ಬಿಡಲೂ ಅದು ಸಾಲದು. ಇದು ಅನ್ಯಾಯವೆಂದೇ ನನ್ನ ಭಾವನೆ. ಸಣ್ಣ ಮಕ್ಕಳ ತಾಯಂದಿರು ಜ್ಯೂರಿಯಿಂದ ದೂರ ಉಳಿಯಲು ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಕಾಯುವ ವಾರ ಬೇರೆಯೇ ಕಷ್ಟ. ಪ್ರತಿ ಸಂಜೆ ಜಾಲತಾಣದಲ್ಲಿ ನಮ್ಮ ಗುಂಪಿನ ಸಂಖ್ಯೆಯನ್ನು ನೋಡಿದ ಮೇಲಷ್ಟೇ ಮರುದಿನ ಹೋಗಬೇಕೇ ಬೇಡವೇ ಎಂಬುದು ತಿಳಿಯುತ್ತಿತ್ತು. ಆ ವಾರವಿಡೀ ರಾತ್ರಿಯೇ ಎರಡು ಬಗೆಯ ಊಟದ ಡಬ್ಬಿಗೆ ಸಿದ್ಧತೆ ಮಾಡಿಟ್ಟು ಮಲಗುತ್ತಿದ್ದೆ. ಬುಧವಾರ ಕರೆ ಬಂತು, ಗುರುವಾರ ಆಯ್ಕೆಯಾದೆ. ಅದು ಸಿವಿಲ್ ಮೊಕದ್ದಮೆ; ಹನ್ನೆರಡು ಜನರಲ್ಲಿ ಒಂಬತ್ತು ಜನ ಒಪ್ಪಿದರೆ ತೀರ್ಪು. ಎಂಟು ದಿನ ಹಿಡಿಯಬಹುದೆಂದು ನ್ಯಾಯಾಧೀಶರು ಹೇಳಿದಾಗ, ಮಗಳ ಶಾಲೆಯ ವೇಳೆಯನ್ನೂ ನನ್ನ ಏರ್ಪಾಡನ್ನೂ ಅವರ ಮುಂದೆ ಇದ್ದದ್ದಿದ್ದಂತೆ ಹೇಳಿ, ತುರ್ತು ಕರೆ ಬಂದರೆ ತಿಳಿಸುವ ದಾರಿ ಯಾವುದೆಂದು ಕೇಳಿದೆ. ಕೋರ್ಟಿನ ಗುಮಾಸ್ತರು ಒಂದು ದೂರವಾಣಿ ಸಂಖ್ಯೆ ಕೊಟ್ಟರು. ಅದನ್ನು ಬರೆದ ಚೀಟಿಯನ್ನು ಅಡುಗೆಮನೆಯ ಫ್ರಿಜ್‌ಗೆ ಅಂಟಿಸಿ, ಶಾಲೆಗೂ ಕೊಟ್ಟೆ.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಮಗಳಿಗೆ ಜ್ವರ ಬಂತು. ಶಾಲೆಯವರು ಕೋರ್ಟಿನ ಸಂಖ್ಯೆಗಾಗಲಿ ಗೆಳತಿಗಾಗಲಿ ಕರೆ ಮಾಡದೆ ನನ್ನ ಮೊಬೈಲಿಗೇ ಐದು ಸಲ ಮಾಡಿದ್ದರು. ನನ್ನ ಫೋನು ಆಫ್ ಆಗಿತ್ತು. ಊಟದ ಬಿಡುವಿನಲ್ಲಿ ಅದನ್ನು ನೋಡಿದಾಗ ಕೈ ನಡುಗಿತು. ತಕ್ಷಣ ಗೆಳತಿಗೆ ಕರೆ ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಅವರು ಮಗಳನ್ನು ಮನೆಗೆ ತಂದು ಬಿಟ್ಟರು. ‘ನೀನು ಗಾಬರಿಯಾಗಬೇಡಮ್ಮ, ಒದ್ದೆ ಬಟ್ಟೆ ಇಟ್ಟಿದ್ದೀನಿ, ಗಂಜಿ ಕುಡಿದು ಮಲಗಿದಾಳೆ’ ಎಂದು ಅತ್ತೆ ಹೇಳಿದರು. ಹೊರಟುಬಿಡಲೇ ಎಂದು ಐದು ನಿಮಿಷ ಯೋಚಿಸಿದೆ; ಬದಲಿ ಜ್ಯೂರರ್‌ಗಳಿದ್ದರು, ಕೇಳಿದ್ದರೆ ಬಿಡುತ್ತಿದ್ದರೇನೋ. ಆದರೆ ಮಗು ಅಜ್ಜಿಯ ಮಗ್ಗುಲಲ್ಲಿತ್ತು, ಇತ್ತ ಎರಡೂ ಕಡೆಯವರು ತಮ್ಮ ವ್ಯಾಜ್ಯವನ್ನು ನಮ್ಮ ಮೇಲೆ ನಂಬಿಕೆಯಿಟ್ಟು ಹೇಳುತ್ತಿದ್ದರು. ಒಳಗೆ ಹೋಗಿ ಕುಳಿತೆ. ಆ ಮಧ್ಯಾಹ್ನದ ಸಾಕ್ಷ್ಯ ಕಿವಿಗೆ ಬಿದ್ದೂ ತಲೆಗೆ ಹತ್ತದಿರಬಾರದೆಂದು ಪ್ರತಿ ಮಾತನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ನಾನು ಎಣಿಸಿರದ ಭಾರವೆಂದರೆ ಮನೆಯಲ್ಲಿನ ಮೌನ. ಮೊಕದ್ದಮೆಯ ಬಗ್ಗೆ ಮನೆಯವರೊಂದಿಗೂ ಒಂದು ಮಾತೂ ಆಡಬಾರದೆಂದು ನ್ಯಾಯಾಧೀಶರು ದಿನವೂ ಎಚ್ಚರಿಸುತ್ತಿದ್ದರು. ಟಿಪ್ಪಣಿ ಪುಸ್ತಕ ಕೂಡ ಕೋರ್ಟಿನಲ್ಲೇ ಉಳಿಯುತ್ತಿತ್ತು. ಸಂಜೆಯ ಕಾಫಿಯ ಹೊತ್ತಿಗೆ ದಿನದ ಸಮಾಚಾರವೆಲ್ಲ ಹೇಳಿಕೊಳ್ಳುವುದು ನಮ್ಮ ಮನೆಯ ರೂಢಿ. ಎರಡು ದಿನ ನಾನು ಸುಮ್ಮನಿದ್ದುದನ್ನು ಕಂಡು, ತಮ್ಮಿಂದ ಏನಾದರೂ ತಪ್ಪಾಯಿತೇ ಎಂದು ಅತ್ತೆ ನೊಂದುಕೊಂಡಿದ್ದರು. ಭಾರತದಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯೇ ಕ್ರಿಮಿನಲ್ ವಿಚಾರಣೆಗಳಲ್ಲಿ ಜ್ಯೂರಿಗೆ ಸ್ಥಾನ ಕೊಡದೆ ಕೈಬಿಟ್ಟಿದ್ದರಿಂದ ಈ ಪದ್ಧತಿ ಅವರಿಗೆ ಹೊಸದು. ಕೂರಿಸಿಕೊಂಡು ವಿವರಿಸಿದಾಗ, ‘ಹಾಗಾದರೆ ನೀನು ಪಂಚಾಯ್ತಿ ಕಟ್ಟೆ ಮೇಲೆ ಕೂತಿದ್ದೀಯ, ಹೇಳಬೇಡ ಬಿಡು’ ಎಂದರು. ಆಮೇಲೆ ಮನೆಗೆ ಯಾರು ಬಂದು ವಿಚಾರಿಸಿದರೂ ಅವರೇ ಮಾತು ಬದಲಿಸುತ್ತಿದ್ದರು. ಮೊದಲ ದಿನವೇ ಇದನ್ನು ಹೇಳಿದ್ದರೆ ಆ ನೋವು ತಪ್ಪುತ್ತಿತ್ತು.

ತೀರ್ಪಿನ ನಂತರ ನ್ಯಾಯಾಧೀಶರು ಆ ನಿರ್ಬಂಧವನ್ನು ತೆಗೆದರು. ಕನಿಷ್ಠ ಒಂದು ವರ್ಷ ಮತ್ತೆ ನನ್ನನ್ನು ಕರೆಯುವಂತಿಲ್ಲ. ಅಷ್ಟರಲ್ಲಿ ಮಗಳು ಒಂದನೆಯ ತರಗತಿಗೆ ಹೋಗಿರುತ್ತಾಳೆ, ಅತ್ತೆ ಮೈಸೂರಿನಲ್ಲಿರುತ್ತಾರೆ. ಹೊಸ ವರ್ಷದ ಎಮರ್ಜೆನ್ಸಿ ಕಾರ್ಡ್ ತುಂಬುವಾಗ ಗೆಳತಿಯ ಹೆಸರನ್ನು ಹಾಗೆಯೇ ಉಳಿಸಿ, ಅವರ ಮಗನ ಕಾರ್ಡಿನಲ್ಲಿ ನನ್ನ ಹೆಸರನ್ನೂ ಸೇರಿಸುವಂತೆ ಕೇಳಿಕೊಂಡೆ.