ಒಂದು ಗೋಡೆ ಸಾಲದು: ಕಡು ಟೀಲ್ ಬಣ್ಣ ಹೊಡೆದ ನನ್ನ ಅನುಭವ

ಡಬ್ಬದ ಮುಚ್ಚಳ ತೆಗೆದಾಗ ಎದೆ ಧಸಕ್ಕೆಂದಿತು. ಶೇಡ್ ಕಾರ್ಡಿನಲ್ಲಿ ನಾನು ಆರಿಸಿದ್ದು ಇನ್ನೇನು ಕಪ್ಪಾಗಿಬಿಡುತ್ತದೆ ಅನ್ನುವಂಥ ಹಸಿರುನೀಲಿ, ಡಬ್ಬದಲ್ಲಿದ್ದದ್ದು ಹಾಲು ಬೆರೆಸಿದ ಹಾಗಿನ ಪೇಲವ ಬಣ್ಣ. ತಪ್ಪು ಕಲಸಿಕೊಟ್ಟಿದ್ದಾರೆ ಅಂದುಕೊಂಡೇ ಒಂದು ರಟ್ಟಿಗೆ ಬಳಿದು ಆಚೆಗಿಟ್ಟೆ. ಒಂದು ಗಂಟೆ ಬಿಟ್ಟು ಬಂದು ನೋಡಿದರೆ ಆ ಹಾಲೆಲ್ಲ ಇಂಗಿ ಬಣ್ಣ ತಳಕ್ಕಿಳಿದು ಕೂತಿತ್ತು. ಅಕ್ರಿಲಿಕ್ ಎಮಲ್ಷನ್ನಿನ ಅಂಟು ಹಸಿಯಿದ್ದಾಗ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ. ತಿಳಿ ಬಣ್ಣಗಳಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ, ಕಡು ಬಣ್ಣದಲ್ಲಿ ಹೆದರಿಸಿಬಿಡುತ್ತದೆ.

ಟೀಲ್ ಅನ್ನುವುದು ಒಂದು ಪುಟ್ಟ ಕಾಡುಬಾತಿನ ಹೆಸರು. ಅದರ ಕಣ್ಣಿನಿಂದ ಹಿಂದಕ್ಕೆ ಓಡುವ ಪಟ್ಟಿಯಿಂದ ಈ ಬಣ್ಣಕ್ಕೆ ಆ ಹೆಸರು ಬಂತು. ನನಗೆ ಮಾತ್ರ ನಮ್ಮ 'ನವಿಲುಗತ್ತಿನ ಬಣ್ಣ'ವೇ ಹೆಚ್ಚು ಸರಿ ಅನ್ನಿಸುತ್ತದೆ. ನವಿಲು ಕತ್ತು ತಿರುಗಿಸಿದ ಹಾಗೆಲ್ಲ ನೀಲಿ ಹಸಿರಾಗುತ್ತದೆ, ಹಸಿರು ನೀಲಿಯಾಗುತ್ತದೆ. ಈ ಬಣ್ಣದ ಗೋಡೆಯೂ ಹಾಗೇ, ಆದರೆ ಇಲ್ಲಿ ತಿರುಗುವುದು ಬೆಳಕು.

ಅದಕ್ಕೇ ಶೇಡ್ ಕಾರ್ಡಿನ ಬೆರಳಗಲದ ಚೌಕವನ್ನು ನಂಬಬಾರದು. ಬಿಳಿ ಗೋಡೆಯ ಮೇಲೆ ಅಲ್ಲಲ್ಲಿ ಸ್ಯಾಂಪಲ್ ಬಳಿದು ನೋಡುವುದೂ ದಂಡ. ಸುತ್ತಲಿನ ಬಿಳಿಯ ಎದುರು ಯಾವ ಕಡು ಬಣ್ಣವಾದರೂ ಮಸಿಯಂತೆಯೇ ಕಾಣುತ್ತದೆ. ನಾನು ಎರಡಡಿ ಅಗಲದ ರಟ್ಟಿಗೆ ಅಂಚಿನವರೆಗೂ ಎರಡು ಕೋಟ್ ಹೊಡೆದು, ನಾಲ್ಕು ದಿನ ಅದನ್ನು ಮನೆಯೆಲ್ಲ ಹೊತ್ತುಕೊಂಡು ತಿರುಗಿದೆ. ಬೆಳಗ್ಗೆ ಕಿಟಕಿಯ ಪಕ್ಕ ಕಡಲ ನೀಲಿ, ಮಧ್ಯಾಹ್ನ ಮೂಲೆಯಲ್ಲಿ ಬರೀ ಬೂದು, ರಾತ್ರಿ ಹಳದಿ ದೀಪದ ಕೆಳಗೆ ಪಾಚಿ. ಅದೇ ರಟ್ಟು! ಈ ಮೂರರಲ್ಲಿ ಯಾವುದನ್ನು ಹೆಚ್ಚು ಹೊತ್ತು ನೋಡುತ್ತೀರಿ ಅನ್ನುವುದರ ಮೇಲೆ ಶೇಡ್ ಆರಿಸಬೇಕು. ಆ ಕೋಣೆಯಲ್ಲಿ ನಾವು ಕೂರುವುದು ಸಂಜೆಯ ಮೇಲೆ. ಹಾಗಾಗಿ ರಾತ್ರಿ ತೀರಾ ಪಾಚಿಗೆ ತಿರುಗದ, ನೀಲಿ ಒಂದು ಗುಟುಕು ಜಾಸ್ತಿಯಿರುವ ಶೇಡ್ ತೆಗೆದುಕೊಂಡೆ.

ಇನ್ನೊಂದು ಅಂಕಿ ನೋಡಿಕೊಳ್ಳಿ. ಅನೇಕ ಶೇಡ್ ಕಾರ್ಡುಗಳಲ್ಲಿ ಎಲ್‌ಆರ್‌ವಿ ಅಂತ ಬರೆದಿರುತ್ತದೆ, ಅಂದರೆ ಬಿದ್ದ ಬೆಳಕಿನಲ್ಲಿ ಗೋಡೆ ಎಷ್ಟನ್ನು ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ. 0 ಅಂದರೆ ಅಪ್ಪಟ ಕಪ್ಪು, 100 ಅಂದರೆ ಅಪ್ಪಟ ಬಿಳಿ. ಮಾಮೂಲಿ ಬಿಳಿ ಗೋಡೆ 80ರ ಮೇಲಿರುತ್ತದೆ, ನನ್ನದು 7. ನೂರು ಪಾಲು ಬೆಳಕಿನಲ್ಲಿ 93 ಪಾಲನ್ನು ಗೋಡೆಯೇ ನುಂಗುತ್ತದೆ ಎಂದಾಯಿತು. ಚಾವಣಿಯ ನಡುವೆ ಒಂದೇ ಟ್ಯೂಬ್‌ಲೈಟ್ ಹಾಕಿಕೊಂಡು ಈ ಬಣ್ಣಕ್ಕೆ ಕೈ ಹಾಕಬೇಡಿ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಧೈರ್ಯ ಸಾಲದೆ ಸೋಫಾದ ಹಿಂದಿನ ಒಂದೇ ಗೋಡೆಗೆ ಹೊಡೆದೆ. ಉಳಿದ ಮೂರು ಬಿಳಿ. ಅಮ್ಮ ಬಾಗಿಲಲ್ಲೇ ನಿಂತು, "ಇದೇನೇ ಇದು, ಗೋಡೆ ಒಡೆದು ಗವಿ ಕೊರೆದ ಹಾಗಿದೆಯಲ್ಲ!" ಅಂದರು. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ನಿಜವಾಗಿತ್ತು. ಕಣ್ಣು ಬಣ್ಣದ ಮೇಲೆ ನಿಲ್ಲುತ್ತಲೇ ಇರಲಿಲ್ಲ, ಬಿಳಿಯೂ ಟೀಲೂ ಕೂಡುವ ಆ ಗೆರೆಗೆ ಹೋಗಿ ಹೋಗಿ ತಗಲುತ್ತಿತ್ತು. ಹತ್ತು ದಿನ ಸಹಿಸಿದೆ. ಆಮೇಲೆ ಬಿಳಿ ಬಳಿದು ಮುಚ್ಚುವ ಬದಲು ಉಲ್ಟಾ ಹೊರಟೆ: ನಾಲ್ಕು ಗೋಡೆ, ಕೆಳಗಿನ ಸ್ಕರ್ಟಿಂಗ್, ಬಾಗಿಲಿನ ಚೌಕಟ್ಟು ಎಲ್ಲಕ್ಕೂ ಅದೇ ಬಣ್ಣ. ಚಾವಣಿಯನ್ನು ಮಾತ್ರ ಅಚ್ಚ ಬಿಳಿ ಬಿಟ್ಟು ಕೆನೆ ಬಣ್ಣಕ್ಕೆ ಇಳಿಸಿದೆ. ಗೆರೆಗಳು ಹೋದ ಕೂಡಲೇ ಕೋಣೆ ತಣ್ಣಗಾಯಿತು. ಕಡು ಬಣ್ಣದಲ್ಲಿ ಮೂಲೆಯ ನೆರಳು ಗೋಡೆಯೊಳಗೇ ಕರಗುವುದರಿಂದ ಕೋಣೆ ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲ. ಕಡು ಬಣ್ಣ ಕೋಣೆಯನ್ನು ಕಿರಿದು ಮಾಡುತ್ತದೆ ಅನ್ನುವವರು ಒಂದೇ ಗೋಡೆಗೆ ಬಳಿದು ನಿಲ್ಲಿಸಿದವರಿರಬೇಕು ಅಂತ ನನ್ನ ಗುಮಾನಿ.

ಕೆಲಸದ ವಿಷಯ. ಬಿಳಿ ಪ್ರೈಮರ್ ಮೇಲೆ ಹೊಡೆದ ಮೊದಲ ಗೋಡೆಗೆ ನಾಲ್ಕು ಕೋಟ್ ಬೇಕಾಯಿತು. ತಳದ ಬಣ್ಣವನ್ನು ಮುಚ್ಚುವ ಶಕ್ತಿ ಪೇಂಟಿಗೆ ಬರುವುದು ಮುಖ್ಯವಾಗಿ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪುಡಿಯಿಂದ. ಕಡು ಶೇಡ್ ಕಲಸುವ ಬೇಸಿನಲ್ಲಿ, ಅಂದರೆ ಬಣ್ಣ ಸೇರಿಸುವ ಮುಂಚಿನ ಮೂಲ ಪೇಂಟಿನಲ್ಲಿ, ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಇದ್ದರೆ ಬಣ್ಣ ಕಡುವಾಗುವುದಾದರೂ ಹೇಗೆ? ಆದ್ದರಿಂದ ಮೊದಲ ಕೋಟ್ ಕಲೆಕಲೆಯಾಗಿ, ಒದ್ದೆ ಬಟ್ಟೆ ಒರೆಸಿಬಿಟ್ಟ ಹಾಗೆ ಕಾಣುತ್ತದೆ. ಗಾಬರಿ ಬೇಡ. ಉಳಿದ ಮೂರು ಗೋಡೆಗೆ ಪ್ರೈಮರನ್ನೇ ಬೂದು ಬಣ್ಣಕ್ಕೆ ಕಲಸಿಸಿಕೊಂಡೆ, ಎರಡೇ ಕೋಟಿಗೆ ಮುಗಿಯಿತು. ಬೇಕಾದಷ್ಟು ಬಣ್ಣವನ್ನು ಒಂದೇ ಸಲ ತಂದು, ಡಬ್ಬಗಳನ್ನೆಲ್ಲ ಒಂದು ದೊಡ್ಡ ಬಕೆಟಿಗೆ ಸುರಿದು ಕಲಸಿಕೊಂಡರೆ ಡಬ್ಬದಿಂದ ಡಬ್ಬಕ್ಕೆ ಇರುವ ಕೂದಲೆಳೆ ವ್ಯತ್ಯಾಸವೂ ಹೋಗುತ್ತದೆ.

ರೋಲರ್ ಹಿಡಿದಾಗ ಗೋಡೆಯ ಮಧ್ಯೆ ನಿಲ್ಲಿಸಬಾರದು. ಇದನ್ನು ಕಲಿತದ್ದು ಒಂದು ಫೋನ್ ಕರೆಯಿಂದ. ಹದಿನೈದು ನಿಮಿಷ ಮಾತಾಡಿ ಬರುವಷ್ಟರಲ್ಲಿ ಅಂಚು ಒಣಗಿತ್ತು, ಅದರ ಮೇಲೆ ಮುಂದುವರಿಸಿದೆ. ಎದುರಿಗೆ ನಿಂತರೆ ಏನೂ ಇಲ್ಲ. ಸಂಜೆ ಬಿಸಿಲು ಪಕ್ಕದಿಂದ ಬಿದ್ದಾಗ ಮಾತ್ರ ಎದೆಮಟ್ಟದಿಂದ ಕೆಳಕ್ಕೆ ಕೈಯಗಲದ ಒಂದು ಮಿರುಗುವ ಪಟ್ಟಿ, ಬಸವನಹುಳು ಹರಿದ ಜಾಡಿನಂತೆ. ಅಷ್ಟಕ್ಕೇ ತೇಪೆ ಹಾಕಿದೆ, ಒಂದು ಪಟ್ಟಿ ಎರಡಾಯಿತು. ಕೊನೆಗೆ ಮೂಲೆಯಿಂದ ಮೂಲೆಗೆ ಇಡೀ ಗೋಡೆಯನ್ನೇ ಮತ್ತೆ ಹೊಡೆಯಬೇಕಾಯಿತು. ಮಾಸ್ಕಿಂಗ್ ಟೇಪನ್ನು ಬಣ್ಣ ಹಸಿಯಿದ್ದಾಗಲೇ ಓರೆಯಾಗಿ ಎಳೆದು ತೆಗೆಯಿರಿ, ಒಣಗಿದ ಮೇಲೆ ಎಳೆದರೆ ಸಿಪ್ಪೆಯ ಹಾಗೆ ಬಣ್ಣವೂ ಜೊತೆಗೆ ಬರುತ್ತದೆ.

ಹೊಳಪಿನ ಫಿನಿಶ್ ಬೇಕೋ ಮ್ಯಾಟ್ ಬೇಕೋ? ಹೊಳಪು ತಗೊಂಡರೆ ಪುಟ್ಟಿಯ ಒಂದೊಂದು ಉಬ್ಬುತಗ್ಗೂ ಸಾಕ್ಷಿ ಹೇಳುತ್ತದೆ. ನಾನು ಗೋಡೆಗೆ ಮ್ಯಾಟ್, ಮರಕ್ಕೆ ಅರೆ ಹೊಳಪು ಹಾಕಿದೆ. ಮ್ಯಾಟ್ ಮಖಮಲ್ಲಿನ ಹಾಗೆ ಚೆನ್ನ, ಆದರೆ ಕುರ್ಚಿಯ ಬೆನ್ನು ಉಜ್ಜಿದ ಕಡೆ ಆಗಲೇ ಒಂದು ಹೊಳೆಯುವ ಕಲೆ ಬಂದಿದೆ. ಒರೆಸಿದರೆ ಇನ್ನಷ್ಟು ಹೊಳೆಯುತ್ತದೆ! ಮಕ್ಕಳು ಓಡಾಡುವ ಓಣಿಗೆ ನಾನಾದರೆ ಮ್ಯಾಟ್ ಹಾಕುವುದಿಲ್ಲ.

ದೀಪಗಳನ್ನೂ ಬದಲಿಸಬೇಕಾಯಿತು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕಿ ಕಡಿಮೆಯಾದಷ್ಟೂ ಹಳದಿ. 2700 ಕೆಲ್ವಿನ್ ಬಲ್ಬಿನಲ್ಲಿ ಗೋಡೆ ಹಸಿರಿಗೆ ವಾಲುತ್ತಿತ್ತು, 4000ದಲ್ಲಿ ಆಫೀಸಿನ ಕಳೆ ಬಂತು. 3000ಕ್ಕೆ ರಾಜಿಯಾದೆ, ಸಿಆರ್‌ಐ (ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ, 100ರವರೆಗಿನ ಅಳತೆ) 90ಕ್ಕಿಂತ ಮೇಲಿನದ್ದು. ಒಂದರ ಬದಲು ನಾಲ್ಕು ಸಣ್ಣ ದೀಪ, ಎಲ್ಲವೂ ಕಣ್ಣಿನ ಮಟ್ಟಕ್ಕೆ ಅಥವಾ ಅದರ ಕೆಳಗೆ. ಗೋಡೆಯ ಮುಂದೆ ಹಿತ್ತಾಳೆ, ಬೆತ್ತ, ಕಂದು ಮರ ಇವೆಲ್ಲ ತಾವಾಗಿ ಎದ್ದು ಕಾಣುತ್ತವೆ, ಬೂದು ಸೋಫಾ ಮಾತ್ರ ಸತ್ತಂತೆ ಕೂತಿತ್ತು. ಇಟ್ಟಿಗೆ ಕೆಂಪಿನ ದಿಂಬುಗಳನ್ನಿಟ್ಟ ಮೇಲೆ ಜೀವ ಬಂತು. ದೀಪ ಹಾಕುವ ಮುಂಚಿನ ಮಬ್ಬಿನಲ್ಲಿ ಅವನ್ನು ನೋಡುವುದೇ ನನಗೊಂದು ಆಟ. ಹಗಲು ಉರಿಯುತ್ತಿದ್ದ ದಿಂಬು ಕಪ್ಪಾಗಿ ಅಡಗುತ್ತದೆ, ಗೋಡೆ ಒಳಗಿಂದ ಬೆಳಗಿದ ಹಾಗೆ ಮೇಲೇಳುತ್ತದೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪಿಗಿಂತ ನೀಲಿ-ಹಸಿರೇ ಹೆಚ್ಚು ಚುರುಕು. ಇದನ್ನು ಗುರುತಿಸಿದ ಯಾನ್ ಪುರ್ಕಿನ್ಯೆ ಎಂಬ ವಿಜ್ಞಾನಿಯ ಹೆಸರೇ ಈ ಪರಿಣಾಮಕ್ಕಿದೆ.

ಉಳಿದ ಬಣ್ಣ ಗಾಜಿನ ಶೀಶೆಯಲ್ಲಿದೆ, ಮೇಲೆ ಶೇಡ್ ನಂಬರ್ ಬರೆದ ಚೀಟಿ. ಅಮ್ಮ ಈಗ ಸಂಜೆಯಾದರೆ ಪುಸ್ತಕ ಹಿಡಿದು ಆ ಗವಿಯಲ್ಲೇ ಕೂರುತ್ತಾರೆ. ಒಂದೇ ಒಂದು ತಕರಾರು ಉಳಿದಿದೆ. "ಆ ಬಿಳಿ ಸ್ವಿಚ್ ಬೋರ್ಡಿಗೆ ಏನಾದರೂ ಮಾಡೇ, ಕತ್ತಲಲ್ಲಿ ಹಲ್ಲು ಕಿರಿದ ಹಾಗಿದೆ" ಅನ್ನುತ್ತಾರೆ.