ಸೊನ್ನೆ ಬರದ ಕರೆಂಟ್

ಮೇ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದರೆ ಅದರ ಫ್ಯಾನು ಬಿಕ್ಕಳಿಸುತ್ತದೆ. ಹರಳಿನ ಮೇಲೆ ಬೆಳಕು ಬಿದ್ದಾಗ ಹುಟ್ಟುವ ಕರೆಂಟಿನ ಈ ಲೆಕ್ಕವನ್ನೆಲ್ಲ ಅದಕ್ಕೇ ಬೆಳಗಿನ ಜಾವ, ಮಾಳಿಗೆ ಮೇಲೆ ಕೂತು ಮಾಡಿದೆ. ಶುರುವಾದದ್ದು ಎಂಎಸ್ಸಿ ಹುಡುಗನೊಬ್ಬನ ಪ್ರಶ್ನೆಯಿಂದ: "ಸರ್, ಪಿ-ಎನ್ ಜಂಕ್ಷನ್ ಇಲ್ಲಂದ್ರ ಬೆಳಕಿನಿಂದ ಕರೆಂಟ್ ಹ್ಯಾಂಗ ಬರ್ತದ?"

ಸೌರಫಲಕದಲ್ಲಿ ಕರೆಂಟಿಗೆ ದಿಕ್ಕು ಕೊಡುವುದು ಆ ಜಂಕ್ಷನ್, ಅಂದರೆ ಎರಡು ಬಗೆಯ ಅರೆವಾಹಕ ಕೂಡುವ ಗಡಿ. ಅದಿಲ್ಲದೆಯೂ ಬರುತ್ತದೆ. ಹರಳಿನ ರಚನೆಯಲ್ಲಿ ಎಡ-ಬಲ ಒಂದೇ ತೆರನಾಗಿರದಿದ್ದರೆ, ಬೆಳಕು ಹೀರಿ ಮೇಲಿನ ಪಟ್ಟಿಗೆ (ಎಲೆಕ್ಟ್ರಾನಿಗೆ ದಕ್ಕುವ ಹೆಚ್ಚಿನ ಶಕ್ತಿಗಳ ಸಾಲಿಗೆ) ಏರುವ ಎಲೆಕ್ಟ್ರಾನು ಏರುವಾಗಲೇ ಪಕ್ಕಕ್ಕೂ ಸರಿಯುತ್ತದೆ. ಇದೇ ಶಿಫ್ಟ್ ಕರೆಂಟ್. ಪಟ್ಟಿಗಳ ನಡುವಿನ ಅಂತರ ಮುಚ್ಚುವ ಹಂತದ ಬಳಿ ಅದು ಏನಾಗುತ್ತದೆ ಎಂದು ನೋಡಲು 1982ರ ರೈಸ್-ಮೆಲೆ ಮಾದರಿ ಹಿಡಿದೆ. ಒಂದು ಸಾಲು ಪರಮಾಣುಗಳು. ಎಲೆಕ್ಟ್ರಾನು ಪಕ್ಕದ ಪರಮಾಣುವಿಗೆ ಹಾರುವ ಜಿಗಿತದ ಬಲದಲ್ಲಿ ಒಂದು ಬಿಟ್ಟು ಒಂದು ಏರುಪೇರು (ಡಿ), ಪರಮಾಣುವಿನ ಮೇಲೆ ನಿಂತಾಗಿನ ನೆಲೆಯ ಶಕ್ತಿಯಲ್ಲೂ ಹಾಗೇ (ಎಂ). ಎರಡೂ ಸೊನ್ನೆಯಾದರೆ ಅಂತರ ಮುಚ್ಚುತ್ತದೆ.

ಮೊದಲ ಗ್ರಾಫ್ ನೋಡಿ ಕುಣಿದಾಡಿದ್ದೆ: ಕರೆಂಟ್ ಅಡಿಗಡಿಗೆ ದಿಕ್ಕು ಬದಲಿಸುತ್ತಿತ್ತು! ಮತ್ತೆ ಓಡಿಸಿದರೆ ಬೇರೆಯದೇ ಗ್ರಾಫ್. ಕಂಪ್ಯೂಟರ್ ಕೊಡುವ ಎಲೆಕ್ಟ್ರಾನ್ ಅಲೆಗಳ ಫೇಸ್ (ಅಲೆ ಏರಿಳಿತದ ಯಾವ ಹಂತದಲ್ಲಿದೆ ಎಂಬುದು) ಲೆಕ್ಕಕ್ಕೆ ಆಯ್ದ ಪ್ರತಿ ಸಂವೇಗದ ಬಿಂದುವಿನಲ್ಲೂ ಮನಸ್ಸಿಗೆ ಬಂದಂತಿರುತ್ತದೆ, ಅದನ್ನೇ ನಾನು ಡಿಫರೆನ್ಷಿಯೇಟ್ ಮಾಡಿದ್ದೆ. ಅಕ್ಕಪಕ್ಕದ ಬಿಂದುಗಳ ಅಲೆಗಳನ್ನು ಒಂದಕ್ಕೊಂದು ಗುಣಿಸಿ (ಇನ್ನರ್ ಪ್ರಾಡಕ್ಟ್), ಫೇಸ್ ತಾನಾಗಿ ಹೊಡೆದುಹೋಗುವಂತೆ ಸೂತ್ರ ಬರೆದ ಮೇಲೆ ಗದ್ದಲ ಅಡಗಿತು.

ಆದರೂ ಒಂದು ಪರೀಕ್ಷೆಯಲ್ಲಿ ಫೇಲ್. ಡಿ ಸೊನ್ನೆಯಾದಾಗ ಕರೆಂಟೂ ಸೊನ್ನೆಯಾಗಲೇಬೇಕು, ಆಗಲಿಲ್ಲ. ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಸಿಕ್ಕಿದ್ದು: ಸಾಲಿನಲ್ಲಿ ಮತ್ತೆ ಮತ್ತೆ ಬರುವ ಜೋಡಿಯ, ಅಂದರೆ ಘಟಕದ, ಎರಡೂ ಪರಮಾಣುಗಳನ್ನು ಒಂದೇ ಜಾಗದಲ್ಲಿ ಕೂರಿಸಿದ್ದೆ. ಪಟ್ಟಿಗಳ ಶಕ್ತಿಗೆ ಅದರಿಂದ ಕೂದಲಷ್ಟೂ ವ್ಯತ್ಯಾಸವಿಲ್ಲ, ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ. ಎಲೆಕ್ಟ್ರಾನು ಎಷ್ಟು ಸರಿಯಿತು ಎಂಬುದಕ್ಕೆ ಮಾತ್ರ ಅದೇ ಆಧಾರ. ಒಂದನ್ನು ಅರ್ಧ ಘಟಕ ದೂರ ಸರಿಸಿದೆ, ಸೊನ್ನೆ ಬಂತು.

ಇನ್ನು ಬಿಂದುಗಳ ಸಂಖ್ಯೆ. ಜಿಗಿತ 1, ಎಂ 0.02 ಇಟ್ಟರೆ ಕನಿಷ್ಠ ಅಂತರ 0.04. ಗ್ರಾಫಿನಲ್ಲಿ ಕರೆಂಟ್ ಅತಿ ಹೆಚ್ಚಾಗುವ ಶಿಖರಕ್ಕೆ ನಾನು ಕೊಟ್ಟಿದ್ದ ಹರವೇ (ಅಗಲವೇ) 0.05, ಅಂತರಕ್ಕಿಂತ ದೊಡ್ಡದು! 200 ಬಿಂದುಗಳೂ ಸಾಲಲಿಲ್ಲ; 4000ಕ್ಕೆ ಏರಿಸಿ, ಹರವನ್ನು 0.004ಕ್ಕೆ ಇಳಿಸಿದೆ.

ಆಗ ಕಂಡ ಚಿತ್ರ ಇದು: ಡಿ ಚಿಕ್ಕದಾದಂತೆ ಶಿಖರ ಕಡಿಮೆ ಶಕ್ತಿಯ ಬೆಳಕಿನತ್ತ ಸರಿಯುತ್ತದೆ, ಅಂತರ ಅತಿ ಕಿರಿದಾಗುವ ಜಾಗದಲ್ಲೇ ಮಾಯವಾಗುತ್ತದೆ, ಡಿ ಸೊನ್ನೆ ದಾಟಿ ಋಣವಾದರೆ ಉಲ್ಟಾ ದಿಕ್ಕಿನಲ್ಲಿ ಏಳುತ್ತದೆ. ಹುಡುಗನಿಗೆ ತೋರಿಸಿದೆ. "ನಡುವ ಸೊನ್ನಿ ಬಂದದ ಸರ್, ಪ್ರೋಗ್ರಾಂ ಕೆಟ್ಟದ ಏನ್?" ಅಂದ. ಅಲ್ಲಪ್ಪ, ಡಿ ಇಲ್ಲದಾಗ ಪರಮಾಣುವಿನ ಮೇಲೆ ನಿಂತು ನೋಡಿದರೆ ಎಡಕ್ಕೂ ಬಲಕ್ಕೂ ಒಂದೇ ನೋಟ. ಎಲೆಕ್ಟ್ರಾನು ಯಾವ ಕಡೆ ಸರಿಯಬೇಕು ಹೇಳು?